ಮೊದಲು ಕೋಡಂಗಿ, ಆಮೇಲೆ ಕೀಚಕ



ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ‘ಆಟ’ ಎಂಬ ಮಾತಿಗೆ ಈಗ ಎರಡು ಅರ್ಥ. ಮನೆಯ ಹಿರಿಯರು ‘ಇವತ್ತು ರಾತ್ರಿ ಆಟ ಇದೆಯಂತೆ’ ಎಂದರೆ ಅದು ಯಕ್ಷಗಾನ. ಮೊಮ್ಮಕ್ಕಳು ‘ಆಟ ಆಡ್ತಾ ಇದೀನಿ’ ಎಂದರೆ ಅದು ಮೊಬೈಲು ಅಥವಾ ಕಂಪ್ಯೂಟರಿನದು. ಎರಡಕ್ಕೂ ಸಂಬಂಧವೇ ಇಲ್ಲ ಎಂದು ತೋರಬಹುದು. ಆದರೆ ಮಕ್ಕಳು ಆಡುವ ಆಟಗಳಲ್ಲಿ ‘ರೋಲ್ ಪ್ಲೇಯಿಂಗ್ ಗೇಮ್’ ಎಂಬ ಒಂದು ಜಾತಿ ಇದೆ. ಹಾಗೆಂದರೆ ಪಾತ್ರ ವಹಿಸಿ ಆಡುವ ಆಟ. ವೇಷ ಹಾಕಿ ಇನ್ನೊಬ್ಬರಾಗುವುದು ಅಲ್ಲೂ ಇದೆ, ಇಲ್ಲೂ ಇದೆ. ಚಿಕ್ಕ ವೇಷದಿಂದ ದೊಡ್ಡ ವೇಷಕ್ಕೆ ಮೆಟ್ಟಿಲು ಹತ್ತುವುದೂ ಎರಡರಲ್ಲೂ ಇದೆ.

ಈ ಮೆಟ್ಟಿಲಿನ ಬಗ್ಗೆ ಮಕ್ಕಳ ದೂರು ನನ್ನ ಕಿವಿಗೆ ಆಗಾಗ ಬೀಳುತ್ತದೆ. ‘ಲೆವೆಲ್ಲು ಬೇಗ ಏರೋದೇ ಇಲ್ಲ ಅಜ್ಜಾ, ಬೋರು’ ಎನ್ನುತ್ತಾನೆ ಒಬ್ಬ. ‘ಎಲ್ಲಾ ಲೆವೆಲ್ಲೂ ಮುಗೀತು, ಬೋರು’ ಎನ್ನುತ್ತಾಳೆ ಇನ್ನೊಬ್ಬಳು. ತಡವಾದರೂ ಬೇಸರ, ಬೇಗ ಮುಗಿದರೂ ಬೇಸರ! ಹಾಗಾದರೆ ಎಷ್ಟು ತಡವಾದರೆ ಸರಿ? ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಬಡ್ತಿಯ ವಿಚಾರ ಹೊಸದೇನಲ್ಲ. ಈ ವಾರ ಅದರ ಲೆಕ್ಕವನ್ನೇ ನೋಡೋಣ.

ಮೊದಲು ಅಜ್ಜ-ಅಜ್ಜಿಯರಿಗಾಗಿ ಎರಡು ಮಾತು. ಈ ‘ಲೆವೆಲ್’ ಎಂಬುದು ಮೊಬೈಲಿನ ಜೊತೆ ಬಂದದ್ದಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಅದಕ್ಕೆ ವಿದ್ಯುತ್ತೂ ಬೇಡ, ಪರದೆಯೂ ಬೇಡ. ಮೇಜಿನ ಸುತ್ತ ಕೂತು, ಕಾಗದ, ಪೆನ್ಸಿಲು, ದಾಳ ಇಟ್ಟುಕೊಂಡು ಮಾತಿನಲ್ಲೇ ಆಡುವ ಆಟ. ಒಬ್ಬ ಮಂತ್ರವಾದಿ, ಇನ್ನೊಬ್ಬ ಯೋಧ. ಒಂದೊಂದು ಸಾಹಸಕ್ಕೂ ಇಷ್ಟಿಷ್ಟು ‘ಅನುಭವದ ಅಂಕ’. ಅಂಕ ಸಾಕಷ್ಟು ಸೇರಿದರೆ ಪಾತ್ರ ಮುಂದಿನ ಮಟ್ಟಕ್ಕೆ ಏರುತ್ತದೆ. ನಮ್ಮ ಪಾಸ್‌ಬುಕ್ಕಿನಲ್ಲಿ ಜಮೆ ಬೆಳೆದ ಹಾಗೆ. ಮುಂದೆ ಕಂಪ್ಯೂಟರಿನವರೂ ಇದೇ ಪದ್ಧತಿ ಹಿಡಿದರು. 1996ರಲ್ಲಿ ಜಪಾನಿನಲ್ಲಿ ಬಂದ ಪೋಕೆಮಾನ್ ಆಟದಲ್ಲಿ ಚಾರ್‌ಮ್ಯಾಂಡರ್ ಎಂಬ ಪುಟ್ಟ ಬೆಂಕಿಬಾಲದ ಪ್ರಾಣಿ 16ನೇ ಲೆವೆಲ್ಲಿನಲ್ಲಿ ರೂಪ ಬದಲಿಸುತ್ತದೆ. 36ನೇ ಲೆವೆಲ್ಲಿಗೆ ರೆಕ್ಕೆ ಬಂದು ಚಾರಿಜಾರ್ಡ್ ಆಗುತ್ತದೆ. ಹುಡುಗರು ಊಟದ ಕರೆ ಕೇಳಿಸದವರಂತೆ ಕೂತಿರುವುದು ಆ 36ರ ದಾರಿ ಕಾಯುತ್ತಾ!

ಈಗ ಮಕ್ಕಳಿಗಾಗಿ. ನಮ್ಮ ಆಟದಲ್ಲೂ ಲೆವೆಲ್ ಇತ್ತು. ಹಿಂದೆ ಮೇಳ ಸೇರಿದ ಹುಡುಗ ಮೊದಲ ದಿನವೇ ಕೀಚಕನಾಗುತ್ತಿರಲಿಲ್ಲ. ಅವನಿಗೆ ಸಿಗುತ್ತಿದ್ದುದು ಕೋಡಂಗಿ ವೇಷ. ಕಥೆ ಶುರುವಾಗುವ ಮೊದಲು ಪೂರ್ವರಂಗದಲ್ಲಿ ಬಂದು ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕಿ ಹೋಗುವುದು ಅವನ ಕೆಲಸ. ಅದು ಪಳಗಿದ ಮೇಲೆ ಬಾಲಗೋಪಾಲ, ಅಂದರೆ ಬಲರಾಮ-ಕೃಷ್ಣರ ಜೋಡಿ ವೇಷ. ಆಮೇಲೆ ಸ್ತ್ರೀವೇಷ. ಮುಂದೆ ಅಭಿಮನ್ಯು, ಬಭ್ರುವಾಹನರಂಥ ಎಳೆಯ ವೀರರ ಪುಂಡುವೇಷ. ಆಮೇಲೆ ದೊಡ್ಡ ವೇಷಗಳು. ಮೇಳದಿಂದ ಮೇಳಕ್ಕೆ, ತಿಟ್ಟಿನಿಂದ ತಿಟ್ಟಿಗೆ ಈ ಕ್ರಮ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ಒಂದೊಂದು ಮೆಟ್ಟಿಲು ದಾಟಲು ಒಂದೆರಡು ತಿರುಗಾಟವಾದರೂ ಬೇಕಾಗುತ್ತಿತ್ತು. ದೀಪಾವಳಿ ಕಳೆದು ಹೊರಟ ಮೇಳ ಮಳೆಗಾಲದ ಹೊತ್ತಿಗೆ ಮರಳಿದರೆ ಅದು ಒಂದು ತಿರುಗಾಟ.

ಇಷ್ಟು ತಡ ಯಾಕೆ? ಸುಮ್ಮನೆ ಕಾಯಿಸಲಿಕ್ಕಲ್ಲ. ಬಡಗುತಿಟ್ಟಿನಲ್ಲಿ ಎಳೆಯ ವೀರನ ತಲೆಗೆ ಕೇದಗೆ ಮುಂದಲೆ, ದೊಡ್ಡ ವೀರನ ತಲೆಗೆ ಮುಂಡಾಸು. ಅದನ್ನು ಹೊತ್ತು ಸುತ್ತಿ ಕುಣಿಯಬೇಕು. ಕುಣಿದ ಏದುಸಿರಿನಲ್ಲೇ ಅರ್ಥ ಹೇಳಬೇಕು. ಅದೂ ಬಾಯಿಪಾಠವಲ್ಲ, ಎದುರಿನ ಪಾತ್ರ ಕೇಳಿದ್ದಕ್ಕೆ ಆ ಕ್ಷಣದಲ್ಲೇ ಉತ್ತರ ಹುಟ್ಟಬೇಕು. ಕಾಲಿಗೆ ತಾಳ, ಕುತ್ತಿಗೆಗೆ ಬಲ, ನಾಲಿಗೆಗೆ ಕಥೆ ಈ ಮೂರೂ ಬರುವವರೆಗೆ ದೊಡ್ಡ ವೇಷ ಕೊಟ್ಟರೆ ಹುಡುಗನಿಗೂ ಕಷ್ಟ, ನೋಡುವವರಿಗೂ ಕಷ್ಟ.

ಇಲ್ಲಿ ನೀವು ಗಮನಿಸಬೇಕಾದದ್ದು ಒಂದಿದೆ. ಕೋಡಂಗಿಗೆ ಬಡ್ತಿ ತಡವಾಗುತ್ತಿತ್ತು, ಆಟ ತಡವಾಗುತ್ತಿರಲಿಲ್ಲ. ರಂಗಸ್ಥಳ, ಚಂಡೆ-ಮದ್ದಳೆ, ಭಾಗವತರ ಪದ, ಎದುರಿಗೆ ಜನ, ಎಲ್ಲವೂ ಅವನಿಗೆ ಮೊದಲ ರಾತ್ರಿಯಿಂದಲೇ ಇತ್ತು. ತನ್ನ ಕುಣಿತ ಮುಗಿದ ಮೇಲೆ ಚೌಕಿಯಲ್ಲಿ ದೊಡ್ಡವರು ಬಣ್ಣ ಹಚ್ಚುವುದನ್ನು ನೋಡಬಹುದಿತ್ತು. ಪರದೆಯ ಬದಿಯಲ್ಲಿ ನಿಂತು ಅವರ ಮಾತು ಕೇಳಬಹುದಿತ್ತು. ನಿನ್ನೆಗಿಂತ ಇವತ್ತು ಒಂದು ಹೆಜ್ಜೆ ಹೆಚ್ಚು ಬಂದರೆ ಅದು ಅವನಿಗೇ ಗೊತ್ತಾಗುತ್ತಿತ್ತು. ಮೇಲಿನ ಮೆಟ್ಟಿಲು ದೂರವಿದ್ದರೂ ನಿಂತ ಮೆಟ್ಟಿಲಿನಲ್ಲಿ ಕೈತುಂಬ ಕೆಲಸವಿತ್ತು.

ತೋಟ ಇದ್ದವರಿಗೆ ಈ ಮಾತು ಬೇಗ ತಿಳಿಯುತ್ತದೆ. ಅಡಿಕೆ ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ ಕಾಯಬೇಕು. ಅಷ್ಟು ವರ್ಷ ಬರೀ ಅಡಿಕೆ ಸಸಿಯನ್ನೇ ನೋಡುತ್ತಾ ಕೂತರೆ ಯಾರಿಗಾದರೂ ಬೇಸರ ಬರುತ್ತದೆ. ಅದಕ್ಕೇ ನಡುವೆ ಬಾಳೆ ಹಾಕುತ್ತಾರೆ. ಎಳೆ ಸಸಿಗೆ ನೆರಳೂ ಆಯಿತು, ವರ್ಷ ಒಪ್ಪತ್ತಿನಲ್ಲಿ ಗೊನೆಯೂ ಬಂತು. ಆಮೇಲೆ ಏಲಕ್ಕಿ, ಕಾಳುಮೆಣಸು. ಒಳ್ಳೆಯ ಆಟ ಕಟ್ಟುವವನೂ ಹೀಗೆಯೇ ಮಾಡುತ್ತಾನೆ. ಲೆವೆಲ್ಲನ್ನು ದೂರ ಇಡುತ್ತಾನೆ, ಆದರೆ ದಾರಿಯಲ್ಲಿ ಬಾಳೆ ನೆಟ್ಟಿರುತ್ತಾನೆ. ಒಂದು ಹೊಸ ಊರು, ಒಂದು ಹೊಸ ಗೆಳೆಯ, ಒಂದು ಒಗಟು. ಬಾಳೆ ಇಲ್ಲದ ಆಟದಲ್ಲಿ ತಡವಾದರೆ ಉಳಿಯುವುದು ಆಕಳಿಕೆ ಮಾತ್ರ.

ಇನ್ನೊಂದು ವಿಚಿತ್ರ ಕೇಳಿ. ಕೆಲವು ಆಟಗಾರರು ಬೇಕೆಂದೇ ಲೆವೆಲ್ ಏರುವುದನ್ನು ತಡೆಯುತ್ತಾರೆ! ಪೋಕೆಮಾನ್ ರೂಪ ಬದಲಿಸಲು ಹೊರಟಾಗ ‘ಬಿ’ ಗುಂಡಿ ಒತ್ತಿದರೆ ಅದು ಹಳೆಯ ರೂಪದಲ್ಲೇ ಉಳಿಯುತ್ತದೆ. ಕೆಲವು ಪ್ರಾಣಿಗಳು ಚಿಕ್ಕ ರೂಪದಲ್ಲಿದ್ದಾಗ ಕೆಲವು ಪಟ್ಟುಗಳನ್ನು ಬೇಗ ಕಲಿಯುತ್ತವೆ, ಅದಕ್ಕೆ. ಆ ಚಿಕ್ಕ ರೂಪವೇ ಮುದ್ದು ಎಂದು ಉಳಿಸಿಕೊಳ್ಳುವವರೂ ಇದ್ದಾರೆ. 2006ರಲ್ಲಿ ಬಂದ ‘ಆಬ್ಲಿವಿಯನ್’ ಎಂಬ ಕಂಪ್ಯೂಟರ್ ಆಟದ ಕ್ರಮ ಕೇಳಿದರೆ ಅಜ್ಜಿಯರಿಗೆ ಖುಷಿಯಾಗಬಹುದು. ಅದರಲ್ಲಿ ಎಷ್ಟೇ ಕಲಿತರೂ ಹಾಸಿಗೆ ಹುಡುಕಿ ನಿದ್ದೆ ಮಾಡುವವರೆಗೆ ಲೆವೆಲ್ ಏರುವುದಿಲ್ಲ! ಆದರೆ ನಾವು ಏರಿದಂತೆ ಎದುರಾಳಿಗಳೂ ಬಲವಾಗುತ್ತಾರೆ. ಹಾಗಾಗಿ ಕೆಲವರು ನಿದ್ದೆಯನ್ನೇ ಮುಂದೂಡಿ ಆಡುತ್ತಿದ್ದರು.

ಇದು ನನಗೆ ವಿಚಿತ್ರ ಅನ್ನಿಸಲಿಲ್ಲ. ನಮ್ಮ ಬ್ಯಾಂಕಿನಲ್ಲೂ ‘ಬಿ’ ಗುಂಡಿ ಒತ್ತಿದವರು ಇದ್ದರು. ಗುಮಾಸ್ತನಿಂದ ಆಫೀಸರ್ ಆದರೆ ಸಂಬಳ ಹೆಚ್ಚು, ಗೌರವ ಹೆಚ್ಚು. ಆದರೆ ಬಡ್ತಿಯ ಬೆನ್ನಿಗೇ ವರ್ಗದ ಆದೇಶ ಬರುತ್ತಿತ್ತು. ಊರಲ್ಲಿ ತೋಟ, ವಯಸ್ಸಾದ ತಂದೆ ತಾಯಿ ಇದ್ದವರು ‘ನಮಗೆ ಬಡ್ತಿ ಬೇಡ’ ಎಂದು ಬರೆದು ಕೊಡುತ್ತಿದ್ದರು. ನಾನೂ ಬರೆದು ಕೊಟ್ಟವನೇ. ನನ್ನ ಜೊತೆಗೆ ಇನ್ನಿಬ್ಬರು ಗುಮಾಸ್ತರಾಗಿಯೇ ಉಳಿದರು. ಒಬ್ಬರು ತಾವೇ ಬೇಡವೆಂದವರು. ಅವರು ಕ್ಯಾಶು, ಲೆಡ್ಜರು, ಡ್ರಾಫ್ಟು, ಚಿನ್ನದ ಸಾಲ ಎಂದು ಒಂದೊಂದು ಕೌಂಟರಿನ ಕೆಲಸವನ್ನೂ ಕಲಿತರು. ಹೊಸದಾಗಿ ಬಂದ ಆಫೀಸರುಗಳು ಅವರನ್ನೇ ಕೇಳುತ್ತಿದ್ದರು. ಇನ್ನೊಬ್ಬರಿಗೆ ಬಡ್ತಿ ಬೇಕಿತ್ತು, ಪರೀಕ್ಷೆಯೂ ಬರೆದಿದ್ದರು. ವರ್ಷ ವರ್ಷ ‘ಮುಂದಿನ ಸಲ’ ಎಂದೇ ಆಯಿತು. ಯಾಕೆ ಎಂದು ಯಾರೂ ಹೇಳಲಿಲ್ಲ. ಮೊದಮೊದಲು ಎಲ್ಲರಿಗಿಂತ ಮುಂಚೆ ಬರುತ್ತಿದ್ದ ಮನುಷ್ಯ ಕೊನೆಗೆ ಗಡಿಯಾರ ನೋಡುತ್ತಾ ಕೂರುವಂತಾದರು.

ಮೆಟ್ಟಿಲು ಒಂದೇ, ತಡವೂ ಒಂದೇ. ಒಬ್ಬರದು ತಾವಾಗಿ ಆರಿಸಿಕೊಂಡದ್ದು, ಇನ್ನೊಬ್ಬರದು ಕಾರಣ ಹೇಳದೆ ಹೇರಿದ್ದು. ಆದ್ದರಿಂದ ಎಷ್ಟು ತಡ ಎಂದು ಲೆಕ್ಕ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಈ ತಡಕ್ಕೆ ಕಾರಣ ಏನು? ಕಾಯುವಾಗ ನನಗೆ ಮಾಡಲಿಕ್ಕೆ ಏನಿದೆ? ಎರಡಕ್ಕೂ ಉತ್ತರ ಇದ್ದರೆ ತಡವಾದದ್ದೇ ರುಚಿ. ಇಲ್ಲದಿದ್ದರೆ ಎಂಥ ಹುರುಪೂ ಇಳಿಯುತ್ತದೆ.

ಬೇಕೆಂದು ತಡೆಯುವುದರಲ್ಲೂ ಒಂದು ಅಪಾಯ ಉಂಟು. ಎದುರಾಳಿ ಬಲವಾದಾನು ಎಂಬ ಹೆದರಿಕೆಯಿಂದ ನಿದ್ದೆ ಮುಂದೂಡುವವನು ಆಟಕ್ಕಿಂತ ಹೆಚ್ಚು ಲೆಕ್ಕವನ್ನೇ ಆಡುತ್ತಿರುತ್ತಾನೆ. ಲೆಕ್ಕ ಬರೆಯಲಿಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ನಿಮಗೆ ಯಾರು ಕೊಡುತ್ತಾರೆ? ಮುಂದಿನ ಮೆಟ್ಟಿಲಿಗೆ ಕಾಲು ಸಿದ್ಧವಾಗಿದ್ದರೆ ಹತ್ತಿಬಿಡಬೇಕು.

ಅಜ್ಜ-ಅಜ್ಜಿಯರು ಕಿವಿಗೊಡಬೇಕಾದ ಮಾತು ಇನ್ನೊಂದಿದೆ. ಪುಕ್ಕಟೆಯಾಗಿ ಸಿಗುವ ಎಷ್ಟೋ ಮೊಬೈಲ್ ಆಟಗಳು ಮಗುವನ್ನು ಮೊದಲು ಸರಸರ ಮೇಲೆ ಹತ್ತಿಸುತ್ತವೆ. ರುಚಿ ಹತ್ತಿದ ಮೇಲೆ ಥಟ್ಟನೆ ನಿಲ್ಲಿಸುತ್ತವೆ. ‘ಎಂಟು ಗಂಟೆ ಕಾಯಿರಿ, ಇಲ್ಲವೇ ಹಣ ಕೊಟ್ಟು ಈಗಲೇ ಮುಂದೆ ಹೋಗಿ’ ಎಂಬ ಫಲಕ ಬರುತ್ತದೆ. ಆ ಎಂಟು ಗಂಟೆಯಲ್ಲಿ ಕಲಿಯಲಿಕ್ಕೆ ಏನೂ ಇಲ್ಲ, ಮಾಡಲಿಕ್ಕೂ ಏನೂ ಇಲ್ಲ. ತಡವನ್ನು ಅವರೇ ಮಾಡಿ, ಅದರಿಂದ ಬಿಡುಗಡೆಯನ್ನೂ ಅವರೇ ಮಾರುವ ವ್ಯಾಪಾರ ಅದು. ಮೊಮ್ಮಗಳು ಒಟಿಪಿ ಕೇಳಿಕೊಂಡು ಬಂದರೆ ಗದರಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಆ ಎರಡು ಪ್ರಶ್ನೆಗಳನ್ನು ಕೇಳಿ. ಮಕ್ಕಳು ಜಾಣರು, ಉತ್ತರ ತಾವೇ ಹೇಳುತ್ತಾರೆ.

ನಮ್ಮ ಯಕ್ಷಗಾನದಲ್ಲೂ ಈಗ ಕಾಲ ಬದಲಾಗಿದೆ. ಹಲವು ಕಡೆ ಕಾಲಮಿತಿಯ ಆಟ. ನಾಲ್ಕಾರು ಗಂಟೆಯಲ್ಲಿ ಕಥೆ ಮುಗಿಯಬೇಕೆಂದಾಗ ಪೂರ್ವರಂಗ ಮೊಟಕಾಗುತ್ತದೆ, ಕೋಡಂಗಿ-ಬಾಲಗೋಪಾಲರಿಗೆ ಹೊತ್ತೇ ಸಿಗುವುದಿಲ್ಲ. ಬೆಳಿಗ್ಗೆ ಶಾಲೆ, ಕಚೇರಿ ಇರುವವರಿಗೆ ಕಾಲಮಿತಿ ಅನುಕೂಲವೇ. ಮೇಳದ ಹೊರಗೆ ಕಲಿಸುವ ಕೇಂದ್ರಗಳೂ ಬಂದಿವೆ, ಉಡುಪಿಯ ಯಕ್ಷಗಾನ ಕೇಂದ್ರ 1971ರಲ್ಲೇ ಶುರುವಾಯಿತು. ಅಲ್ಲಿ ಕ್ರಮವಾಗಿ ಕಲಿತು ಬಂದವರು ಚೆನ್ನಾಗಿಯೇ ಕುಣಿಯುತ್ತಾರೆ. ಆದರೂ ತಪ್ಪು ಹೆಜ್ಜೆ ಹಾಕಿದರೂ ಯಾರೂ ಬೈಯದ ಆ ಮೊದಲ ಮೆಟ್ಟಿಲು ರಂಗಸ್ಥಳದಲ್ಲೇ ಇತ್ತಲ್ಲ, ಅದು ಪೂರ್ತಿ ಇಲ್ಲವಾಗಬಾರದು ಎಂದು ನನ್ನ ಆಸೆ.

ಇನ್ನು ‘ಎಲ್ಲಾ ಲೆವೆಲ್ಲೂ ಮುಗೀತು’ ಎಂದವಳಿಗೆ ಉತ್ತರ ಬಾಕಿ ಇದೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಹೆಸರು ನಿನ್ನ ಅಜ್ಜನಿಗೆ ಖಂಡಿತ ಗೊತ್ತಿರುತ್ತದೆ. ಹೊನ್ನಾವರ ತಾಲ್ಲೂಕಿನವರು, 1933ರಲ್ಲಿ ಹುಟ್ಟಿದವರು. 2012ರಲ್ಲಿ ಪದ್ಮಶ್ರೀ ಬಂತು. 2017ರಲ್ಲಿ ತೀರಿಕೊಂಡರು. ಅವರ ಕೀಚಕ, ಅವರ ಭಸ್ಮಾಸುರ ನೋಡಲು ಘಟ್ಟದ ಮೇಲಿನವರೂ ಕೆಳಗಿನವರೂ ನಿದ್ದೆಗೆಟ್ಟು ಕೂರುತ್ತಿದ್ದರು. ಅವರಿಗೆ ಮುಂದಿನ ಲೆವೆಲ್ ಯಾವುದಿತ್ತು? ಯಾವುದೂ ಇರಲಿಲ್ಲ. ಹಾಗಿದ್ದೂ ವಯಸ್ಸು ಎಂಬತ್ತಾದರೂ ಗೆಜ್ಜೆ ಕಟ್ಟುತ್ತಿದ್ದರು. ಹಿಂದೆ ನೂರು ಸಲ ಹಾಕಿದ ಭಸ್ಮಾಸುರನನ್ನೇ ಮತ್ತೆ ಹಾಕಿದಾಗಲೂ ಜನ ಕಾಯುತ್ತಿದ್ದರು. ಮೆಟ್ಟಿಲು ಮುಗಿದ ಮೇಲೂ ಆಡಬೇಕು ಅನ್ನಿಸಿದರೆ ಅದು ನಿಜವಾಗಿ ನಿನಗೆ ಇಷ್ಟವಾದ ಆಟ. ಮೆಟ್ಟಿಲು ಮುಗಿದ ಕೂಡಲೇ ಬೇಡವಾದರೆ, ನಿನಗೆ ಬೇಕಾಗಿದ್ದುದು ಮೆಟ್ಟಿಲು ಮಾತ್ರ. ಅದರಲ್ಲಿ ತಪ್ಪೇನಿಲ್ಲ, ಬೇರೆ ಆಟ ಹುಡುಕು.

ಈ ವಾರದ ಕೆಲಸ ಹೀಗಿದೆ. ಮಕ್ಕಳೇ, ನಿಮ್ಮ ಆಟವನ್ನು ಅಜ್ಜನಿಗೋ ಅಜ್ಜಿಗೋ ಒಂದನೇ ಲೆವೆಲ್ಲಿನಿಂದ ಕಲಿಸಿ. ಅವರು ಗುಂಡಿ ತಪ್ಪು ಒತ್ತಿದರೆ ಕಸಿದುಕೊಳ್ಳಬೇಡಿ, ಅವರು ಈಗ ಕೋಡಂಗಿಗಳು! ಅಜ್ಜ-ಅಜ್ಜಿಯರೇ, ಊರ ಹತ್ತಿರ ಮೇಳ ಬಂದಾಗ ಮಕ್ಕಳನ್ನು ಯುದ್ಧದ ಹೊತ್ತಿಗೆ ಕರೆದೊಯ್ಯಬೇಡಿ. ಚಂಡೆಯ ಮೊದಲ ಪೆಟ್ಟಿಗೇ ಹೋಗಿ ಮುಂದೆ ಕೂರಿ. ಪೂರ್ವರಂಗದಲ್ಲಿ ಯಾರಾದರೂ ಎಳೆಯ ಹುಡುಗ ಕುಣಿದರೆ, ನಿಮ್ಮ ಮೊಮ್ಮಕ್ಕಳೇ ಮೊದಲು ಚಪ್ಪಾಳೆ ಹೊಡೆಯಲಿ.