ಹೆಸರಿಲ್ಲದ ಸೀಸೆ

ಕಲಾ ಕಾಲೇಜಿನ ಸಂಚಿಕೆಯಲ್ಲಿ ಆಮ್ಲಗಳ ವಿಚಾರವೇಕೆ, ಅದು ವಿಜ್ಞಾನದ ವಿದ್ಯಾರ್ಥಿಗಳಿಗೆ ಸೇರಿದ್ದಲ್ಲವೇ ಎಂದು ವಾಚಕರು ಕೇಳಬಹುದು. ಆದರೆ ವಿಷದ ಸೀಸೆಗೆ ಕಲೆ, ವಿಜ್ಞಾನವೆಂಬ ಭೇದವಿಲ್ಲ.

ನಮ್ಮದು ಅಕ್ಕಸಾಲಿಗರ ಮನೆ. ಪಡಸಾಲೆಯೇ ನಮ್ಮ ತಂದೆಯವರ ಕೆಲಸದ ಸ್ಥಳ. ಅಲ್ಲಿಂದ ಅಡಿಗೆಮನೆಗೆ ಹತ್ತೇ ಹೆಜ್ಜೆ. ಕಳೆದ ಬೇಸಗೆಯಲ್ಲಿ ಆಡಿ ದಣಿದು ಬಂದ ನನ್ನ ತಮ್ಮನು ಅಲ್ಲಿದ್ದ ನೀರಿನ ಬಾಟಲಿಯನ್ನೆತ್ತಿದನು. ಮುಚ್ಚಳ ತೆರೆದೊಡನೆ ಮೂಗಿಗೆ ಬಡಿದ ಘಾಟೇ ಅವನನ್ನು ಉಳಿಸಿತು. ಅದರಲ್ಲಿದ್ದುದು ಚಿನ್ನದಿಂದ ಬೆಳ್ಳಿ ತಾಮ್ರಗಳನ್ನು ಬೇರ್ಪಡಿಸಲು ತಂದ ನೈಟ್ರಿಕ್ ಆಮ್ಲ!

ಅಜ್ಜನ ಕಾಲದಿಂದಲೂ ಹೀಗೆಯೇ ನಡೆದುಬಂದಿದೆ ಎಂದು ಹಿರಿಯರು ಹೇಳುವುದುಂಟು. ಇದನ್ನು ನಾನು ವಿನಯದಿಂದಲೇ ಅಲ್ಲಗಳೆಯುತ್ತೇನೆ. ಅಜ್ಜನವರ ಆಮ್ಲ ಗಾಜಿನ ಬಿರಡೆಯ ದಪ್ಪ ಸೀಸೆಯಲ್ಲಿತ್ತು, ಕುಡಿಯುವ ನೀರು ತಾಮ್ರದ ಚೊಂಬಿನಲ್ಲಿತ್ತು. ಕಣ್ಣಿಗೇ ಭೇದ ತಿಳಿಯುತ್ತಿತ್ತು. ಈಗ ಎರಡಕ್ಕೂ ಒಂದೇ ಪ್ಲಾಸ್ಟಿಕ್ ಬಾಟಲಿ. ಪದ್ಧತಿ ಹಳೆಯದಲ್ಲ, ಅಪಾಯ ಹೊಸದು.

ಕಾನೂನು ನೋಡಿಕೊಳ್ಳುತ್ತದೆಯೆಂದು ಸುಮ್ಮನಿರುವಂತೆಯೂ ಇಲ್ಲ. ಆಮ್ಲ ಮಾರುವವರು ಕೊಳ್ಳುವವರ ಹೆಸರು, ವಿಳಾಸಗಳನ್ನು ಬರೆದಿಡಬೇಕು, 18 ವರ್ಷ ತುಂಬದವರಿಗೆ ಮಾರಕೂಡದು ಎಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಆಜ್ಞೆ ಮಾಡಿತು. ಆ ಆಜ್ಞೆ ಅಂಗಡಿಯ ಬಾಗಿಲವರೆಗೆ. ಮನೆಯ ಹೊಸ್ತಿಲು ದಾಟಿದ ಮೇಲೆ ಹೊಣೆ ನಮ್ಮದೇ.

ಸ್ಥಳವಿಲ್ಲವೆಂಬ ಆಕ್ಷೇಪಣೆಯೂ ನಿಲ್ಲದು. ಬೀಗವಿರುವ ಎರಡು ಪೆಟ್ಟಿಗೆಗಳು ಸಾಕು. ಒಂದು ಆಮ್ಲಕ್ಕೆ, ಇನ್ನೊಂದು ಸ್ಪಿರಿಟ್, ಟರ್ಪೆಂಟೈನ್‌ಗಳಿಗೆ. ಇವೆರಡನ್ನೂ ಒಟ್ಟಿಗೆ ಇಡಬಾರದು. ತೀಕ್ಷ್ಣ ನೈಟ್ರಿಕ್ ಆಮ್ಲ ಸೋರಿ ಟರ್ಪೆಂಟೈನಿಗೆ ತಗುಲಿದರೆ ಕಡ್ಡಿ ಗೀರದೆಯೇ ಬೆಂಕಿ ಹತ್ತುತ್ತದೆ. ಮಕ್ಕಳ ಕೈಗೆ ಎಟುಕದಿರಲೆಂದು ಎತ್ತರದಲ್ಲಿಡುವುದೂ ತಪ್ಪು. ಜಾರಿದ ಸೀಸೆ ತೆಗೆಯುವವನ ಮುಖದ ಮೇಲೆಯೇ ಬೀಳುತ್ತದೆ. ಕಣ್ಣಿನ ಮಟ್ಟಕ್ಕಿಂತ ಕೆಳಗೆ, ಗಾಳಿಯಾಡುವ ಕಡೆ, ಸೋರಿದ್ದನ್ನು ಹಿಡಿಯುವ ಪಿಂಗಾಣಿ ತಟ್ಟೆಯಲ್ಲಿ, ತಂದ ಸೀಸೆಯಲ್ಲಿಯೇ ಇಡತಕ್ಕದ್ದು. ಬೇಕಾದಷ್ಟನ್ನು ಮಾತ್ರ ತರತಕ್ಕದ್ದು.

ಅಕ್ಕಸಾಲಿಗರಲ್ಲದವರು ನಗಬೇಡಿ. ನಿಮ್ಮ ಬಚ್ಚಲಿನಲ್ಲಿ ನೆಲ ತೊಳೆಯುವ ಆಸಿಡ್ಡೂ ಬ್ಲೀಚಿಂಗ್ ಪುಡಿಯೂ ಅಕ್ಕಪಕ್ಕದಲ್ಲಿಲ್ಲವೇ? ಅವೆರಡೂ ಬೆರೆತರೆ ಹೊರಡುವುದು ಕ್ಲೋರಿನ್ ಎಂಬ ವಿಷಾನಿಲ.

ಇನ್ನು ಕಲಾ ವಿದ್ಯಾರ್ಥಿಗಳಾದ ನಮ್ಮ ಪಾಲಿನ ಕೆಲಸವೇನು? ತಂದೆಯವರಿಗೆ ಕಸುಬು ಕಲಿಸುವ ಯೋಗ್ಯತೆ ನನಗಿಲ್ಲ, ಬರೆಯುವ ಯೋಗ್ಯತೆಯಿದೆ. ಆ ಸಂಜೆಯೇ ಕುಳಿತು ಪ್ರತಿ ಸೀಸೆಗೂ ಹೆಸರು, ತಂದ ದಿನ, ‘ವಿಷ’ ಎಂಬ ಮಾತು, ಓದಬಾರದವರಿಗಾಗಿ ತಲೆಬುರುಡೆಯ ಚಿತ್ರ, ಇಷ್ಟನ್ನೂ ಅಚ್ಚಕನ್ನಡದಲ್ಲಿ ದಪ್ಪಕ್ಷರಗಳಿಂದ ಬರೆದು ಅಂಟಿಸಿದೆ. ತಂದೆಯವರು ಮೊದಲು ನಕ್ಕರು. ಈಗ ಹೊಸ ಸೀಸೆ ಬಂದರೆ, “ಮೊದಲು ಇದರ ಹೆಸರು ಬರೆಯೋ” ಎಂದು ತಾವೇ ಕರೆಯುತ್ತಾರೆ. ಹದಿನೈದು ವರ್ಷ ಅಕ್ಷರ ಕಲಿತದ್ದಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ಇದುವರೆಗೆ ದೊರೆತಿಲ್ಲ.