ಕಾಲಿಗೆ ಶಕ್ತಿಯಿಲ್ಲದಿದ್ದರೆ ದೇಹಕ್ಕೆ ವ್ಯಾಯಾಮ ಬೇಡವೇ?

2018ರ ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್‌ನಲ್ಲಿ ಚಳಿಗಾಲದ ಪ್ಯಾರಾಲಿಂಪಿಕ್ಸ್ ನಡೆಯಿತು. ಅಲ್ಲಿ ಎಂಟು ದೇಶಗಳ ತಂಡಗಳು ಮಂಜುಗಡ್ಡೆಯ ಮೇಲೆ ಕುಳಿತುಕೊಂಡೇ ಹಾಕಿ ಆಡಿದವು. ಐಸ್ ಸ್ಲೆಡ್ಜ್ ಹಾಕಿ ಎಂದು ಕರೆಯುತ್ತಿದ್ದ ಈ ಆಟಕ್ಕೆ 2016ರಿಂದ ಪ್ಯಾರಾ ಐಸ್ ಹಾಕಿ ಎಂಬ ಹೆಸರಿದೆ. ಆರೋಗ್ಯದ ಪುಟದಲ್ಲಿ ಆಟದ ಮಾತೇಕೆ ಎಂದು ನೀವು ಕೇಳಬಹುದು. ನಡೆಯಲಾಗದವರ ಆರೈಕೆಯ ಬಗ್ಗೆ ನಮ್ಮ ಮನೆಗಳಲ್ಲಿರುವ ಒಂದು ತಪ್ಪು ತಿಳುವಳಿಕೆಯನ್ನು ಈ ಆಟ ತಿದ್ದುತ್ತದೆ. ಅದಕ್ಕಾಗಿಯೇ ಈ ಬರಹ.

ಕಾಲುಗಳಿಗೆ ಊನವಿರುವವರು ಆಡುವ ಆಟವಿದು. ಆಟಗಾರನನ್ನು ಸ್ಲೆಡ್ಜ್ ಎಂಬ ತಗ್ಗಾದ ಆಸನದಲ್ಲಿ ಪಟ್ಟಿಗಳಿಂದ ಬಿಗಿದಿರುತ್ತಾರೆ. ಅದರ ಅಡಿಯಲ್ಲಿ ಎರಡು ಉಕ್ಕಿನ ಬ್ಲೇಡುಗಳಿರುತ್ತವೆ. ಎರಡೂ ಕೈಗಳಲ್ಲಿ ಒಂದೊಂದು ಗಿಡ್ಡ ಕೋಲು. ಕೋಲಿನ ಒಂದು ತುದಿಯ ಮೊಳೆಗಳನ್ನು ಮಂಜುಗಡ್ಡೆಗೆ ಊರಿ ಮುಂದಕ್ಕೆ ಜಾರಬೇಕು, ಇನ್ನೊಂದು ತುದಿಯಿಂದ ಪಕ್ ಹೊಡೆಯಬೇಕು. 15 ನಿಮಿಷಗಳ ಮೂರು ಅವಧಿಗಳ ಈ ಆಟದಲ್ಲಿ ಕಾಲಿನ ಕೆಲಸವನ್ನೂ ತೋಳು, ಭುಜ, ಬೆನ್ನುಗಳೇ ಮಾಡಬೇಕು.

ಆ ವರ್ಷದ ಫೈನಲ್‌ನಲ್ಲಿ ಕೆನಡಾ ಒಂದು ಗೋಲಿನಿಂದ ಮುಂದಿತ್ತು. ಪಂದ್ಯ ಮುಗಿಯಲು ಒಂದು ನಿಮಿಷವೂ ಉಳಿದಿರಲಿಲ್ಲ. ಆಗ ಅಮೆರಿಕದ ಡೆಕ್ಲನ್ ಫಾರ್ಮರ್ ಗೋಲು ಹೊಡೆದು ಸಮ ಮಾಡಿದರು. ಹೆಚ್ಚುವರಿ ಅವಧಿಯಲ್ಲಿ ಗೆಲುವಿನ ಗೋಲನ್ನೂ ಅವರೇ ಹೊಡೆದರು. ನಾರ್ವೆಯ ತಂಡದಲ್ಲಿ ಪುರುಷರ ಜೊತೆಗೆ ಲೆನಾ ಶ್ರೋಡರ್ ಎಂಬ ಮಹಿಳೆಯೂ ಆಡಿದರು. ಆಗ ಅವರು ವೈದ್ಯಕೀಯ ವಿದ್ಯಾರ್ಥಿನಿ.

ಈ ಆಟ ಎಲ್ಲಿ ಹುಟ್ಟಿತು ಎಂಬುದನ್ನು ಗಮನಿಸಿ. 1960ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನ ಒಂದು ಪುನರ್ವಸತಿ ಕೇಂದ್ರದಲ್ಲಿದ್ದವರು ಹಾಕಿ ಬಿಡಲು ಮನಸ್ಸಿಲ್ಲದೆ ಇದನ್ನು ರೂಪಿಸಿದರು. 1994ರಲ್ಲಿ ಇದು ನಾರ್ವೆಯ ಲಿಲ್ಲೆಹ್ಯಾಮರ್ ಪ್ಯಾರಾಲಿಂಪಿಕ್ಸ್ ಸೇರಿತು. ಪ್ಯಾರಾಲಿಂಪಿಕ್ಸ್‌ನ ಬೇರು ಕೂಡ ಆಸ್ಪತ್ರೆಯಲ್ಲಿಯೇ ಇದೆ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗೆ ಚಿಕಿತ್ಸೆ ನೀಡುತ್ತಿದ್ದರು. ಹುಣ್ಣಾಗದಂತೆ ರೋಗಿಗಳನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವ ಕ್ರಮ ತಂದವರೂ, 1948ರಲ್ಲಿ 16 ಮಂದಿಗೆ ಬಿಲ್ಲುಗಾರಿಕೆಯ ಸ್ಪರ್ಧೆ ಏರ್ಪಡಿಸಿದವರೂ ಅವರೇ. ಅವರ ಪಾಲಿಗೆ ಆಟವೆಂದರೆ ಚಿಕಿತ್ಸೆಯದೇ ಭಾಗ.

ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ಪೋಲಿಯೋದಿಂದಲೋ ಅಪಘಾತದಿಂದಲೋ ಕಾಲು ಕಳೆದುಕೊಂಡ ಮಗನನ್ನು ಅಕ್ಕರೆಯಿಂದ ಕೂರಿಸಿಬಿಡುತ್ತೇವೆ. ನೀರಿನ ಲೋಟವೂ ಅವನ ಕೈಗೇ ಬರುತ್ತದೆ. ಮಗಳಾದರೆ ಹೊಸ್ತಿಲು ದಾಟುವುದೂ ಅಪರೂಪ. ಇದರಲ್ಲಿ ಪ್ರೀತಿಯಿದೆ, ಆದರೆ ಆರೋಗ್ಯವಿಲ್ಲ. ಕುಳಿತಲ್ಲೇ ಕುಳಿತರೆ ತೂಕ ಏರುತ್ತದೆ, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಅಪಾಯ ಹೆಚ್ಚುತ್ತದೆ, ಮಲಬದ್ಧತೆ ಕಾಡುತ್ತದೆ, ಮನಸ್ಸು ಕುಗ್ಗುತ್ತದೆ. ಊನವಿದ್ದದ್ದು ಕಾಲಿಗೆ ಮಾತ್ರ. ಉಳಿದ ದೇಹವನ್ನು ದುರ್ಬಲಗೊಳಿಸುವವರು ನಾವು. ಯುನಾನಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವೆಂದು ಹೇಳುವ ಆರು ಸಂಗತಿಗಳಲ್ಲಿ ಶರೀರದ ಚಲನೆ ಮತ್ತು ವಿಶ್ರಾಂತಿಯೂ ಒಂದು. ಎರಡೂ ಜೊತೆಯಾಗಿಯೇ ಇರಬೇಕು. ಕಾಲಿಲ್ಲದವರಿಗೆ ಇದರಿಂದ ರಿಯಾಯಿತಿಯಿಲ್ಲ.

ಹಾಗೆಂದು ಎಚ್ಚರ ಬಿಡಬಾರದು. ಸ್ಪರ್ಶಜ್ಞಾನವಿಲ್ಲದ ಕಡೆ ಚರ್ಮ ಒತ್ತಿದರೂ ತರಚಿದರೂ ನೋವು ತಿಳಿಯದು. ಪ್ರತಿ ರಾತ್ರಿ ಪೃಷ್ಠ, ಸೊಂಟದ ಬದಿ, ಹಿಮ್ಮಡಿಗಳನ್ನು ನೋಡಿ. ತಾವೇ ನೋಡಿಕೊಳ್ಳುವವರಿಗೆ ಕೈಗನ್ನಡಿ ಸಾಕು. ಒತ್ತಡ ತೆಗೆದ ಮೇಲೂ ಕೆಂಪಾಗಿಯೋ ಕಪ್ಪಾಗಿಯೋ ಉಳಿಯುವ ಕಲೆ ಹುಣ್ಣಿನ ಮುನ್ಸೂಚನೆ. ಅದನ್ನು ತಿಕ್ಕಬೇಡಿ, ಭಾರ ಬೀಳದಂತೆ ನೋಡಿಕೊಂಡು ವೈದ್ಯರಿಗೆ ತೋರಿಸಿ. ಬೆವರಿದ, ಒದ್ದೆಯಾದ ಬಟ್ಟೆಯನ್ನು ಕೂಡಲೇ ಬದಲಿಸಿ. ಗಾಲಿಕುರ್ಚಿಯಲ್ಲಿರುವವರು ಆಗಾಗ ಕೈಯೂರಿ ಮೈ ಎತ್ತಬೇಕು. ಇಡೀ ದಿನದ ಭಾರ ಭುಜಗಳ ಮೇಲೆ ಬೀಳುವುದರಿಂದ ವ್ಯಾಯಾಮವನ್ನು ನಿಧಾನವಾಗಿ ಏರಿಸಿ. ಹೃದ್ರೋಗ, ಬೆನ್ನುಹುರಿಯ ಗಾಯ ಇರುವವರು ಮೊದಲು ವೈದ್ಯರ ಸಲಹೆ ಪಡೆಯಿರಿ.

ನಮ್ಮಲ್ಲಿ ಮಂಜುಗಡ್ಡೆ ಎಲ್ಲಿದೆ ಎನ್ನಬೇಡಿ. ತೋಳಿನ ಬಲದ ಆಟಗಳು ಬೇರೆಯೂ ಇವೆ. ಬೆಂಗಳೂರಿನ ಫರ್ಮಾನ್ ಬಾಷಾ ಪವರ್‌ಲಿಫ್ಟಿಂಗ್‌ನಲ್ಲಿ 2008ರ ಅರ್ಜುನ ಪ್ರಶಸ್ತಿ ಪಡೆದರು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬಂಗಾಳದ ಸಕೀನಾ ಖಾತೂನ್ ಅದೇ ಆಟದಲ್ಲಿ ಕಂಚು ಗೆದ್ದರು.

ಪದಕ ಎಲ್ಲರಿಗೂ ಸಿಗಬೇಕಿಲ್ಲ. ಹಾಸಿಗೆಯಿಂದ ಕುರ್ಚಿಗೆ ತಾನೇ ಜರುಗುವಷ್ಟು ತೋಳಿನ ಬಲ ಬಂದರೆ ಅದೂ ಗೆಲುವೇ. ಇಂದು ನಿಮ್ಮ ಮನೆಯಲ್ಲಿ ಅಂಥವರಿದ್ದರೆ ನೀರಿನ ಲೋಟವನ್ನು ಅವರ ಕೈಗೆ ಕೊಡುವ ಮೊದಲು, ನೀವೇ ತೆಗೆದುಕೊಳ್ಳುತ್ತೀರಾ ಎಂದು ಕೇಳಿ ನೋಡಿ.