ಮಕ್ಕಳ ಭಯಕ್ಕೆ ‘ಸುಮ್ನಿರು’ ಎಂಬುದು ಉತ್ತರವಲ್ಲ

2022ರ ಫೆಬ್ರವರಿಯಲ್ಲಿ ಶಿವಮೊಗ್ಗದಲ್ಲಿ ಕರ್ಫ್ಯೂ ಇದ್ದ ದಿನಗಳನ್ನು ನಾವ್ಯಾರೂ ಮರೆತಿಲ್ಲ. ಯುವಕನೊಬ್ಬನ ಕೊಲೆಯಾಯಿತು. ಅದರ ಬೆನ್ನಿಗೇ ಕಲ್ಲು ತೂರಾಟ ನಡೆಯಿತು, ವಾಹನಗಳಿಗೆ ಬೆಂಕಿ ಬಿತ್ತು, ಶಾಲೆ ಕಾಲೇಜುಗಳಿಗೆ ರಜೆ ಕೊಟ್ಟರು. ಅದೇ ವರ್ಷ ಆಗಸ್ಟ್‌ನಲ್ಲಿ ಮತ್ತೆ ನಿಷೇಧಾಜ್ಞೆ. 2023ರ ಅಕ್ಟೋಬರ್‌ನಲ್ಲಿ ಮೀಲಾದ್ ಮೆರವಣಿಗೆಯ ದಿನ ರಾಗಿಗುಡ್ಡದಲ್ಲಿ ಗಲಾಟೆ. ಆಗೆಲ್ಲಾ ದೊಡ್ಡವರಾದ ನಾವು ಮಾತಾಡಿದ್ದು ಅಂಗಡಿಯ ಬಗ್ಗೆ, ವ್ಯಾಪಾರದ ಬಗ್ಗೆ, ಕೇಸುಗಳ ಬಗ್ಗೆ. ಕಿಟಕಿಯಲ್ಲಿ ನಿಂತು ಪೊಲೀಸ್ ವ್ಯಾನು ನೋಡುತ್ತಿದ್ದ ಮಗು “ಉಮ್ಮಾ, ಬಾಪ ಯಾವಾಗ ಬರ್ತಾರೆ?” ಅಂತ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಕೊಟ್ಟ ಉತ್ತರ ಒಂದೇ: “ಸುಮ್ನಿರು.”

ಮಕ್ಕಳು ಸುಮ್ಮನಾದರು. ಆದರೆ ಅವರೊಳಗಿನ ಭಯ ಎಲ್ಲಿಗೆ ಹೋಯಿತು ಎಂದು ನಾವು ಕೇಳಲಿಲ್ಲ.

ಭದ್ರಾವತಿಯ ಮನೆಗಳ ಕಥೆ ಬೇರೆ, ಆದರೆ ಮೌನ ಅದೇ. 2015ರಲ್ಲಿ ಎಂಪಿಎಂ ಕಾಗದ ಕಾರ್ಖಾನೆ ನಿಂತಿತು. 2023ರ ಆರಂಭದಲ್ಲಿ ವಿಐಎಸ್‌ಎಲ್ ಮುಚ್ಚುವ ಸುದ್ದಿ ಬಂದು ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಕಾರ್ಖಾನೆಯನ್ನು ನಂಬಿದ್ದ ಹೋಟೆಲ್, ಕಿರಾಣಿ, ಮೀನಿನ ಅಂಗಡಿಗಳಲ್ಲಿ ನಮ್ಮವರೂ ಇದ್ದಾರೆ. ಗಲ್ಲಾಪೆಟ್ಟಿಗೆ ಹಗುರಾದ ದಿನ ಬಾಪ ಮನೆಗೆ ಬಂದು ಸಣ್ಣದಕ್ಕೂ ರೇಗುತ್ತಾರೆ. ಕಾರಣ ಯಾರೂ ಹೇಳುವುದಿಲ್ಲ. ಮಗು ಮಾತ್ರ ತನ್ನದೇ ಏನೋ ತಪ್ಪಿರಬೇಕು ಎಂದುಕೊಳ್ಳುತ್ತದೆ.

ಹೇಳಿಕೊಳ್ಳಲಾಗದ ಭಯ ಬೇರೆ ರೂಪದಲ್ಲಿ ಹೊರಬರುತ್ತದೆ. ಚಿಕ್ಕ ಮಗುವಿಗೆ ಶಾಲೆಗೆ ಹೊರಡುವಾಗ ಹೊಟ್ಟೆನೋವು, ರಾತ್ರಿ ಹಾಸಿಗೆ ಒದ್ದೆ. ಹದಿಮೂರು ಹದಿನಾಲ್ಕರ ಹುಡುಗನಿಗೆ ಸಿಟ್ಟು. ಆ ಸಿಟ್ಟಿಗೆ ಮನೆಯಲ್ಲಿ ಕಿವಿ ಸಿಗದಿದ್ದರೆ ಬೀದಿ ತುದಿಯ ಗುಂಪಿನಲ್ಲಿ, ಮೊಬೈಲ್‌ಗೆ ಬರುವ ವಿಡಿಯೋಗಳಲ್ಲಿ ಸಿಗುತ್ತದೆ. ಅಲ್ಲಿ ಅವನ ಭುಜ ತಟ್ಟಿ ಮುಂದೆ ತಳ್ಳುವವರಿದ್ದಾರೆ, ಠಾಣೆಯಿಂದ ಬಿಡಿಸಿ ತರುವವರು ಯಾರೂ ಇಲ್ಲ. ಆಗ ಓಡಬೇಕಾದವರು ಉಮ್ಮ ಬಾಪಂದಿರೇ.

ನಮ್ಮ ದೀನಿನಲ್ಲಿ ಇದಕ್ಕೆ ದಾರಿ ಇಲ್ಲವೇ? ಪ್ರವಾದಿಯವರ (ಸ) ಕಾಲದಲ್ಲಿ ಅಬೂ ಉಮೈರ್ ಎಂಬ ಪುಟ್ಟ ಹುಡುಗನಿದ್ದ. ಅವನು ಆಟವಾಡುತ್ತಿದ್ದ ಪುಟ್ಟ ಹಕ್ಕಿ ಸತ್ತು ಅವನು ಬೇಸರದಲ್ಲಿದ್ದಾಗ, ನಿನ್ನ ಹಕ್ಕಿಗೆ ಏನಾಯ್ತು ಎಂದು ಪ್ರವಾದಿಯವರು ಅವನ ಹೆಸರು ಹಿಡಿದು ಕೇಳಿದರು. ಒಂದು ಸಮುದಾಯದ ಹೊಣೆ ಹೊತ್ತಿದ್ದವರಿಗೆ ಮಗುವಿನ ಹಕ್ಕಿಯ ಬಗ್ಗೆ ಕೇಳಲು ಪುರುಸೊತ್ತಿತ್ತು. ಅಂಗಡಿ ಬಾಗಿಲು ಹಾಕಿ ಬಂದ ನಮಗೆ ಹತ್ತು ನಿಮಿಷ ಇಲ್ಲವೇ? ಹತ್ತು ಮಕ್ಕಳಿದ್ದೂ ಒಬ್ಬರನ್ನೂ ಮುದ್ದಿಸಿಲ್ಲ ಎಂದು ಹೇಳಿಕೊಂಡವರಿಗೆ, ಕರುಣೆ ತೋರದವನಿಗೆ ಕರುಣೆ ಸಿಗದು ಎಂದು ಪ್ರವಾದಿಯವರು ಎಚ್ಚರಿಸಿದ್ದನ್ನೂ ನಾವು ವಅಳ್‌ಗಳಲ್ಲಿ ಕೇಳಿದ್ದೇವೆ. ಕೇಳಿ ಮನೆಗೆ ಬಂದು ಮತ್ತೆ ಕೇಳುವುದು “ಮಾರ್ಕ್ಸ್ ಎಷ್ಟು ಬಂತು?”

ಕೇಳುವ ಪ್ರಶ್ನೆಯನ್ನೇ ಸ್ವಲ್ಪ ಬದಲಿಸೋಣ. ಇಶಾ ಆದ ಮೇಲೆ ಊಟಕ್ಕೆ ಕೂತಾಗ ಎಲ್ಲರ ಮೊಬೈಲೂ ದೂರ ಇರಲಿ, ಬಾಪನದ್ದೂ ಸೇರಿ. ಇವತ್ತು ಯಾರ ಜೊತೆ ಆಡಿದೆ, ಯಾವುದು ಬೇಜಾರಾಯ್ತು ಎಂದು ಕೇಳೋಣ. ಮಗು ಹೇಳಲು ಶುರುಮಾಡಿದರೆ ನಡುವೆ ಬುದ್ಧಿ ಹೇಳುವುದು ಬೇಡ. “ನಿಂಗೆ ಹೆದರಿಕೆ ಆಯ್ತಲ್ವಾ? ನಂಗೂ ಆಗಿತ್ತು” ಎಂದರೆ ಸಾಕು. ಅದಕ್ಕೆ ಆಗುತ್ತಿರುವುದಕ್ಕೆ ಒಂದು ಹೆಸರು ಸಿಕ್ಕಿತು, ಜೊತೆಗೆ ಒಬ್ಬರು ಇದ್ದಾರೆ ಎಂದೂ ಗೊತ್ತಾಯಿತು.

ಈ ಮಾತು ಬ್ಯಾರಿಯಲ್ಲೇ ಆಗಲಿ. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಕನ್ನಡ ಇಂಗ್ಲಿಷ್, ಬೀದಿಯಲ್ಲಿ ಉರ್ದು, ಮದ್ರಸದಲ್ಲಿ ಅರಬಿ. ಘಟ್ಟ ಹತ್ತಿ ಬಂದ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಈಗ ಬ್ಯಾರಿ ಅಜ್ಜಿಯಂದಿರ ಭಾಷೆಯಾಗಿ ಉಳಿದಿದೆ. ಸರ್ಕಾರ ಬ್ಯಾರಿ ಸಾಹಿತ್ಯ ಅಕಾಡೆಮಿ ಮಾಡಿತು, ಸಂತೋಷ. ಆದರೆ ಮಗು ಅತ್ತಾಗ ಅದನ್ನು ಎತ್ತಿಕೊಂಡು ಸಮಾಧಾನ ಮಾಡಿದ ಭಾಷೆ ಯಾವುದೋ, ಮನಸ್ಸಿನ ಮಾತು ಹೊರಬರಲು ಅದೇ ಸುಲಭ. ಅಕಾಡೆಮಿ ಆ ಕೆಲಸ ಮಾಡಲಾರದು.

ಸಿಟ್ಟಿನ ವಿಷಯ. ಸಿಟ್ಟು ಬಂದಾಗ ನಿಂತಿದ್ದರೆ ಕೂತುಕೊಳ್ಳಿ, ವುಝೂ ಮಾಡಿ ಎಂಬ ಉಪದೇಶ ಮಕ್ಕಳಿಗೆ ಮಾತ್ರ ಇಳಿದು ಬಂದದ್ದಲ್ಲ. ಬಾಪ ಒಮ್ಮೆ ಕೂಗಾಡುವುದನ್ನು ನಿಲ್ಲಿಸಿ ಎದ್ದು ವುಝೂ ಮಾಡಿ ಬಂದರೆ ಮಗ ಅದನ್ನು ನೋಡಿ ಕಲಿಯುತ್ತಾನೆ. ತಪ್ಪಾಗಿ ಬೈದಿದ್ದರೆ “ಮಾಫ್ ಮಾಡು ಮೋನೆ” ಎನ್ನಲು ನಾಚಿಕೆ ಏಕೆ? ಅದರಿಂದ ಹಿರಿತನ ಕಡಿಮೆಯಾಗದು. “ಗಂಡುಮಕ್ಕಳು ಅಳಬಾರದು” ಎಂಬ ಮಾತನ್ನೂ ಬಿಡೋಣ. ತಮ್ಮ ಮಗ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿಯವರ ಕಣ್ಣಲ್ಲೂ ನೀರು ಬಂದಿತ್ತು.

ಇನ್ನೊಂದು ಕೆಲಸವಿದೆ, ಅದು ನಮ್ಮ ಊರುಗಳಿಗೆ ತುಂಬಾ ಬೇಕಾದದ್ದು. ಪೆರ್ನಾಲ್‌ನಲ್ಲಿ ಪಕ್ಕದ ಮನೆಗೆ ತಿಂಡಿ ಕೊಟ್ಟು ಬರುವುದನ್ನು ಮಕ್ಕಳ ಕೈಯಲ್ಲೇ ಮಾಡಿಸೋಣ. ದೀಪಾವಳಿಗೆ ಅವರು ಕರೆದರೆ ಕಳಿಸೋಣ. ಗಲಾಟೆಯ ದಿನಗಳಲ್ಲಿ ‘ಅವರು’ ಎಂದು ಒಟ್ಟಾಗಿ ಬೈಯುವ ಮೊದಲು ಮಗು ಕೇಳಿಸಿಕೊಳ್ಳುತ್ತಿದೆ ಎಂಬ ನೆನಪಿರಲಿ. ಪಕ್ಕದ ಮನೆಯ ಗೆಳೆಯನ ಹೆಸರು ಗೊತ್ತಿರುವ ಮಗು ಕಲ್ಲೆತ್ತುವ ಮೊದಲು ಒಮ್ಮೆ ಯೋಚಿಸುತ್ತದೆ.

ಇಷ್ಟೆಲ್ಲಾ ಮಾಡಿಯೂ ಮಗು ವಾರಗಟ್ಟಲೆ ನಿದ್ದೆ, ಊಟ, ಆಟ ಬಿಟ್ಟಿದ್ದರೆ ‘ದೃಷ್ಟಿ ಆಗಿದೆ’ ಎಂದು ಕೂರುವುದು ಬೇಡ. ದುಆ ಇರಲಿ, ಚಿಕಿತ್ಸೆಯೂ ಇರಲಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಲು ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರೂ ಇದ್ದಾರೆ. ಕಾಲು ಮುರಿದರೆ ಕರೆದೊಯ್ಯುವ ನಾವು ಇದಕ್ಕೂ ಕರೆದೊಯ್ಯಬೇಕು.

ಊರಿನ ಶಾಂತಿ ಪೂರ್ತಿ ನಮ್ಮ ಕೈಯಲ್ಲಿಲ್ಲ, ಕಾರ್ಖಾನೆಯ ಚಿಮಣಿಯೂ ಇಲ್ಲ. ರಾತ್ರಿಯ ಊಟದ ಸುಪ್ರ ಮಾತ್ರ ಪೂರ್ತಿ ನಮ್ಮದೇ. ಇವತ್ತು ರಾತ್ರಿ ಪತ್ತಿರ್ ಮುರಿಯುತ್ತಾ ಮಗು ಏನಾದರೂ ಹೇಳಲು ಬಾಯಿ ತೆರೆದರೆ, ಪೂರ್ತಿ ಕೇಳಿಸಿಕೊಳ್ಳೋಣ.